ಡಬ್ಬಿ ಮೀನನ್ನು ಎಷ್ಟು ಕಾಲ, ಎಲ್ಲಿ, ಹೇಗೆ ಇಟ್ಟುಕೊಳ್ಳಬಹುದು?

ಪ್ರಶ್ನೆ: ನಾವು ಮಂಡ್ಯದವರು. ಮನೆಯಲ್ಲಿ ಐದು ಜನ, ಎಲ್ಲರೂ ಮೀನು ತಿನ್ನುತ್ತೇವೆ. ಮಳೆಗಾಲ ಬಂತೆಂದರೆ ಬಂಗುಡೆ, ಬೂತಾಯಿ ಸರಿಯಾಗಿ ಸಿಗುವುದಿಲ್ಲ, ಸಿಕ್ಕರೂ ಬೆಲೆ ಹೆಚ್ಚು. ದುಬೈಯಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ ಒಂದು ಪೆಟ್ಟಿಗೆ ಡಬ್ಬಿ ಮೀನು ತಂದುಕೊಟ್ಟಿದ್ದಾನೆ. ಇನ್ನಷ್ಟು ತರಿಸಿ ವರ್ಷಗಟ್ಟಲೆ ಇಟ್ಟುಕೊಳ್ಳಬಹುದೇ? ಫ್ರಿಜ್‌ನಲ್ಲೇ ಇಡಬೇಕೇ? ಒಂದು ಡಬ್ಬಿಯ ಅಂಚು ನಗ್ಗಿದೆ. ಇನ್ನೊಂದನ್ನು ತೆರೆದಾಗ ಗಾಜಿನ ಚೂರಿನಂಥದ್ದು ಸಿಕ್ಕಿತು, ಹೆದರಿ ಎಸೆದುಬಿಟ್ಟೆವು. ಕೆ.ಆರ್.ಎಸ್. ಹಿನ್ನೀರಿನ ಮೀನನ್ನು ನಾವೇ ಕುಕ್ಕರಿನಲ್ಲಿ ಬೇಯಿಸಿ ಬಾಟಲಿಗೆ ತುಂಬಿಡಬಹುದೇ? ನಮ್ಮ ಅತ್ತೆಯವರಿಗೆ ಬಿ.ಪಿ. ಇದೆ, ಅವರು ತಿನ್ನಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ತೆರೆಯದ ಡಬ್ಬಿಗೆ ಫ್ರಿಜ್ ಬೇಕಿಲ್ಲ. ಸರಿಯಾದ ಜಾಗದಲ್ಲಿಟ್ಟರೆ ಅದರ ಮೇಲೆ ಮುದ್ರಿಸಿದ ದಿನಾಂಕದವರೆಗೂ, ಎಂದರೆ ಸಾಮಾನ್ಯವಾಗಿ ತಯಾರಾದ ದಿನದಿಂದ ಮೂರರಿಂದ ಐದು ವರ್ಷಗಳವರೆಗೆ, ಮೀನು ಕೆಡುವುದಿಲ್ಲ. ಹಾಗೆಂದು ವರ್ಷಗಟ್ಟಲೆ ಇಡುವ ಉದ್ದೇಶದಿಂದಲೇ ಪೆಟ್ಟಿಗೆಗಟ್ಟಲೆ ತರಿಸುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಗೆ ಬೇಕಿರುವುದು ಒಂದು ಮಳೆಗಾಲವನ್ನು ದಾಟಿಸುವಷ್ಟು ದಾಸ್ತಾನು; ಅದು ವರ್ಷಕ್ಕೊಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಬೇಕು. ಅದಕ್ಕಿಂತ ಹೆಚ್ಚಾದದ್ದು ಸಜ್ಜದ ಮೇಲೆ ಧೂಳು ಹಿಡಿಯುತ್ತದೆಯೇ ಹೊರತು ಊಟದ ತಟ್ಟೆಗೆ ಬರುವುದಿಲ್ಲ.

ಡಬ್ಬಿ ಮೀನು ಇಷ್ಟು ಕಾಲ ಬಾಳುವುದು ಯಾವುದೋ ರಾಸಾಯನಿಕ ಬೆರೆಸುವುದರಿಂದ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದು ನಿಜವಲ್ಲ. ಮೀನನ್ನು ಶುಚಿ ಮಾಡಿ, ಉಪ್ಪುನೀರು, ಎಣ್ಣೆ ಅಥವಾ ಟೊಮೆಟೊ ರಸದ ಜೊತೆ ಡಬ್ಬಿಗೆ ತುಂಬಿ, ಗಾಳಿ ಆಡದಂತೆ ಮುಚ್ಚಳವನ್ನು ಮಡಿಸಿ ಒತ್ತಿ, ಆಮೇಲೆ ಇಡೀ ಡಬ್ಬಿಯನ್ನೇ ರಿಟಾರ್ಟ್ ಎಂಬ ದೊಡ್ಡ ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಲಾಗುತ್ತದೆ. ಒಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ, ಹೊರಗಿನವು ಒಳಗೆ ಬರಲಾರವು. ಬಾಳಿಕೆಯ ಗುಟ್ಟು ಇಷ್ಟೇ. ಫ್ರಾನ್ಸಿನ ನಿಕೊಲಾ ಅಪೆರ್ ಗಾಜಿನ ಸೀಸೆಗಳಲ್ಲಿ ಆಹಾರವನ್ನು ಮುಚ್ಚಿ ಕುದಿಸಿಡುವ ವಿಧಾನಕ್ಕಾಗಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದದ್ದು 1810ರಲ್ಲಿ. ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಅದಾದ ಅರ್ಧ ಶತಮಾನದ ಮೇಲೆ. ಎಂದರೆ ಕಾರಣ ತಿಳಿಯುವ ಮೊದಲೇ ವಿಧಾನ ಕೈಗೂಡಿತ್ತು. ನಿಮ್ಮ ಪಕ್ಕದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ಅಭಿವೃದ್ಧಿಪಡಿಸಿದ, ಬಿಸಿ ಮಾಡಿ ತಿನ್ನುವ ಪೌಚ್ ಊಟಗಳ ತತ್ತ್ವವೂ ಇದೇ. ತವರದ ಬದಲು ಅಲ್ಯೂಮಿನಿಯಂ ಹಾಳೆ ಸೇರಿದ ಪದರಗಳ ಚೀಲ ಇರುತ್ತದೆ. ಪೌಚ್ ಹಗುರ, ಕತ್ತರಿಸುವುದೂ ಸುಲಭ. ಆದರೆ ಇಲಿ, ಹೆಗ್ಗಣಗಳ ಕಾಟವಿರುವ ಮನೆಯಲ್ಲಿ ಡಬ್ಬಿಯೇ ವಾಸಿ.

ಈ ವಿಧಾನ ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಮಿಸೌರಿ ನದಿಯಲ್ಲಿ 1865ರಲ್ಲಿ ಮುಳುಗಿದ ಬರ್ಟ್ರಾಂಡ್ ಎಂಬ ಉಗಿಹಡಗನ್ನು 1968ರಲ್ಲಿ ಪತ್ತೆಹಚ್ಚಿ ಅಗೆದಾಗ ಅದರಲ್ಲಿ ಸಿಂಪಿಮಾಂಸ, ಟೊಮೆಟೊ ಮುಂತಾದವುಗಳ ಡಬ್ಬಿಗಳು ಸಿಕ್ಕವು. 1974ರಲ್ಲಿ ಅವುಗಳನ್ನು ತೆರೆದು ಪರೀಕ್ಷಿಸಿದಾಗ ಬಣ್ಣ, ವಾಸನೆ, ಕೆಲವು ಜೀವಸತ್ವಗಳು ಹಾಳಾಗಿದ್ದರೂ ಸೂಕ್ಷ್ಮಜೀವಿಗಳ ಬೆಳವಣಿಗೆ ಕಾಣಲಿಲ್ಲ. ಇದನ್ನು ಓದಿ ದಿನಾಂಕವನ್ನೇ ಕಡೆಗಣಿಸುವ ಧೈರ್ಯ ಕೆಲವರಿಗೆ ಬರುತ್ತದೆ. ಆ ಡಬ್ಬಿಗಳು ನೂರು ವರ್ಷ ನೆಲದಡಿಯ ತಂಪಿನಲ್ಲಿದ್ದವು, ಮಂಡ್ಯದ ಶೀಟಿನ ಮನೆಯ ಅಟ್ಟದ ಮೇಲಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ನಿಮ್ಮ ಊರಿನಲ್ಲಿ ಡಬ್ಬಿ ಮೀನಿನ ದೊಡ್ಡ ಶತ್ರು ಶಾಖವೇ. ಕಾರ್ಖಾನೆಯಲ್ಲಿ ಕೊಡುವ ಶಾಖ ರೋಗ ತರುವ ಜೀವಿಗಳನ್ನೆಲ್ಲ ಕೊಲ್ಲುತ್ತದೆಯಾದರೂ, ಅತಿ ಬಿಸಿಯಲ್ಲಿ ಮಾತ್ರ ಬೆಳೆಯಬಲ್ಲ ಒಂದು ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಣಗಳು ಅಲ್ಲಲ್ಲಿ ಉಳಿದಿರಬಹುದು. ಅವು ಸಾಧಾರಣ ಹವೆಯಲ್ಲಿ ನಿದ್ದೆಯಲ್ಲೇ ಇರುತ್ತವೆ, ಅಪಾಯವನ್ನೂ ಮಾಡುವುದಿಲ್ಲ. ಡಬ್ಬಿ 40 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ವಾರಗಟ್ಟಲೆ ಕೂತರೆ ಅವು ಎಚ್ಚೆತ್ತು ಮೀನನ್ನು ಹುಳಿಯಾಗಿಸುತ್ತವೆ, ಎಷ್ಟೋ ಸಲ ಡಬ್ಬಿ ಉಬ್ಬುವುದೂ ಇಲ್ಲ. ಏಪ್ರಿಲ್ ತಿಂಗಳಲ್ಲಿ ಸಿಮೆಂಟು ಅಥವಾ ಜಿಂಕ್ ಶೀಟಿನ ಕೆಳಗಿನ ಅಟ್ಟ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ಅಟ್ಟ ಬೇಡ, ಆರ್.ಸಿ.ಸಿ. ಮನೆಯಾದರೂ ಪಡುವಣ ಬಿಸಿಲು ಬೀಳುವ ಗೋಡೆಯ ಸಜ್ಜ ಬೇಡ, ಗ್ಯಾಸ್ ಒಲೆಯ ಮೇಲಿನ ಕಪಾಟೂ ಬೇಡ. ಸಿಂಕಿನ ಕೆಳಗಿನ ಜಾಗ ತಂಪೇನೋ ಹೌದು, ಆದರೆ ಅಲ್ಲಿನ ತೇವದಿಂದ ತುಕ್ಕು ಹಿಡಿಯುತ್ತದೆ. ನಡುಮನೆಯ ಒಳಗೋಡೆಗೆ ಹೊಂದಿಕೊಂಡ ಕಪಾಟಿನ ಕೆಳಹಲಗೆಯೇ ಸರಿಯಾದ ಸ್ಥಳ. ಉಪ್ಪಿನ ಡಬ್ಬ, ಹುಣಸೆಹಣ್ಣಿನ ಜಾಡಿ ಅದರ ಪಕ್ಕದಲ್ಲಿ ಇರದಂತೆ ನೋಡಿಕೊಳ್ಳಿ. ಎರಡೂ ತೇವ ಎಳೆದು ಲೋಹವನ್ನು ತಿನ್ನುತ್ತವೆ.

ದಿನಾಂಕದ ಬಗ್ಗೆ ಒಂದು ಮಾತು. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ತಯಾರಾದ ದಿನಾಂಕ ಮತ್ತು ಬಳಕೆಯ ಕೊನೆಯ ದಿನಾಂಕ ಎರಡನ್ನೂ ಮುದ್ರಿಸಬೇಕು. ಆ ಕೊನೆಯ ದಿನಾಂಕ ದಾಟಿದ ಡಬ್ಬಿಯನ್ನು ತಿನ್ನಬಾರದು. ಹೊರದೇಶದಿಂದ ಬಂದ ಡಬ್ಬಿಗಳ ಮೇಲೆ ಇಂಥ ದಿನಾಂಕದ ಒಳಗೆ ಉತ್ತಮ ಎಂಬರ್ಥದ ‘ಬೆಸ್ಟ್ ಬಿಫೋರ್’ ಇರುವುದುಂಟು. ಅದು ರುಚಿ, ಬಣ್ಣಗಳ ಭರವಸೆಯ ಗಡುವು. ಒಂದೆರಡು ತಿಂಗಳು ಮೀರಿದ, ಆದರೆ ಹೊರಗೆ ಒಳಗೆ ಯಾವ ದೋಷವೂ ಇಲ್ಲದ ಡಬ್ಬಿಯನ್ನು ನಾನಾದರೆ ಎಸೆಯುವುದಿಲ್ಲ. ದಿನಾಂಕದ ಅಕ್ಷರಗಳು ಬಹಳ ಸಣ್ಣವಾಗಿರುವುದರಿಂದ, ಮನೆಗೆ ತಂದ ದಿನವೇ ಮಾರ್ಕರ್ ಪೆನ್ನಿನಲ್ಲಿ ಮುಚ್ಚಳದ ಮೇಲೆ ಗಡುವಿನ ತಿಂಗಳು, ವರ್ಷವನ್ನು ದಪ್ಪಕ್ಷರದಲ್ಲಿ ಬರೆದು, ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಜೋಡಿಸುವುದು ಒಳ್ಳೆಯ ಪದ್ಧತಿ.

ಎಲ್ಲ ಡಬ್ಬಿ ಮೀನೂ ಒಂದೇ ಸಮನಾಗಿ ಬಾಳುವುದಿಲ್ಲ. ಟೊಮೆಟೊ ರಸದಲ್ಲಿ ಹಾಕಿದ್ದು ಹುಳಿಯ ಕಾರಣದಿಂದ ಒಳಗಿನ ಲೇಪವನ್ನು ನಿಧಾನವಾಗಿ ಸವೆಸುತ್ತದೆ, ಆದ್ದರಿಂದ ಅದನ್ನು ಮೊದಲು ಮುಗಿಸಿ. ಎಣ್ಣೆಯಲ್ಲಿ ಹಾಕಿದ್ದು ಎಲ್ಲಕ್ಕಿಂತ ಹೆಚ್ಚು ಕಾಲ ರುಚಿ ಕಾಯ್ದುಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಎಣ್ಣೆಯ ಬೂತಾಯಿಯನ್ನು, ಎಂದರೆ ಅಲ್ಲಿಯ ಸಾರ್ಡೀನನ್ನು, ಬೇಕೆಂದೇ ಕೆಲವು ವರ್ಷ ಹಳೆಯದಾಗಿಸಿ ತಿನ್ನುವ ರಸಿಕರಿದ್ದಾರೆ. ಆ ರಸಿಕತೆ ನಮಗೆ ಬೇಕಾಗಿಲ್ಲ.

ಈಗ ನಿಮ್ಮ ನಗ್ಗಿದ ಡಬ್ಬಿಯ ವಿಚಾರ. ನಗ್ಗು ಎಲ್ಲಿ ಬಿದ್ದಿದೆ ಎಂಬುದೇ ಮುಖ್ಯ. ಡಬ್ಬಿಯ ಮೈಯ ನಡುಭಾಗದಲ್ಲಿ, ಚೂಪಾದ ಮಡಿಕೆಯಿಲ್ಲದೆ ಸುಮ್ಮನೆ ಒಳಕ್ಕೆ ತಗ್ಗಿದ್ದರೆ ಭಯವಿಲ್ಲ, ಬೇಗ ಬಳಸಿಬಿಡಿ. ಆದರೆ ನೀವು ಅಂಚು ನಗ್ಗಿದೆ ಎಂದು ಬರೆದಿದ್ದೀರಿ. ಮುಚ್ಚಳದ ತಗಡು ಮತ್ತು ಮೈಯ ತಗಡು ಒಂದರೊಳಗೊಂದು ಕೊಕ್ಕೆ ಹಾಕಿದಂತೆ ಎರಡು ಸುತ್ತು ಮಡಿಸಿಕೊಂಡು, ನಡುವೆ ತೆಳುವಾದ ರಬ್ಬರಿನಂಥ ಅಂಟನ್ನು ಹಿಡಿದುಕೊಂಡಿರುವ ಜಾಗ ಅದು. ಇಡೀ ಡಬ್ಬಿಯ ಭದ್ರತೆ ಆ ಮಡಿಕೆಯಲ್ಲಿದೆ. ಅಲ್ಲಿ ಪೆಟ್ಟು ಬಿದ್ದರೆ ಕಣ್ಣಿಗೆ ಕಾಣದ ಸಂದು ಬಿಟ್ಟು ಗಾಳಿ, ತೇವ, ಜೀವಾಣು ಒಳಗೆ ಹೋಗಬಹುದು. ಉಗುರಿನಿಂದ ಅಂಚನ್ನು ಸುತ್ತಲೂ ಸವರಿ ನೋಡಿ. ಎಲ್ಲಿಯಾದರೂ ಮಡಿಕೆ ಚಪ್ಪಟೆಯಾಗಿದ್ದರೆ, ಸೀಳಿನಂತೆ ತಗುಲಿದರೆ, ಅಥವಾ ಜಿಡ್ಡು ಒಸರಿದ ಗುರುತಿದ್ದರೆ ಆ ಡಬ್ಬಿಯನ್ನು ತೆರೆಯದೆ ಹೊರಹಾಕಿ. ಎರಡು ಕಡೆಯ ಮುಚ್ಚಳಗಳೂ ಸಾಮಾನ್ಯವಾಗಿ ಸ್ವಲ್ಪ ಒಳಕ್ಕೆ ಎಳೆದುಕೊಂಡಂತೆ ಇರಬೇಕು. ಉಬ್ಬಿದ್ದರೆ, ಬೆರಳಲ್ಲಿ ಒತ್ತಿದಾಗ ಟಕ್ಕೆಂದು ಒಳಹೋಗಿ ಮತ್ತೆ ಹೊರಬಂದರೆ, ತೆರೆದಾಗ ರಸ ಚಿಮ್ಮಿದರೆ ಒಂದು ಚೂರನ್ನೂ ರುಚಿ ನೋಡಬೇಡಿ. ಎಸೆಯುವಾಗ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ, ನಾಯಿ ಬೆಕ್ಕುಗಳ ಬಾಯಿಗೆ ಸಿಗಬಾರದು. ಬಟ್ಟೆಯಿಂದ ಒರೆಸಿದರೆ ಹೋಗುವ ಮೇಲುತುಕ್ಕು ಲೆಕ್ಕಕ್ಕಿಲ್ಲ. ಒರೆಸಿದ ಮೇಲೂ ಗುಳಿ ಉಳಿದರೆ ಆ ಡಬ್ಬಿ ಹೋಯಿತೆಂದೇ ತಿಳಿಯಿರಿ.

ಗಾಜಿನ ಚೂರು ಎಂದು ನೀವು ಎಸೆದದ್ದು ಬಹುಮಟ್ಟಿಗೆ ಗಾಜಲ್ಲ. ಮೀನಿನ ಮಾಂಸದಲ್ಲಿ ಸಹಜವಾಗಿರುವ ಮೆಗ್ನೀಸಿಯಂ, ಫಾಸ್ಫೇಟ್ ಮತ್ತು ಅಮೋನಿಯ ಅಂಶಗಳು ಡಬ್ಬಿ ತಣಿಯುವಾಗ ಹಾಗೂ ಶೇಖರಣೆಯ ಕಾಲದಲ್ಲಿ ಸೇರಿಕೊಂಡು ಸ್ಟ್ರುವೈಟ್ ಎಂಬ ಹರಳಾಗುತ್ತವೆ. ಟ್ಯೂನಾ, ಸಾಲ್ಮನ್, ಸೀಗಡಿ ಡಬ್ಬಿಗಳಲ್ಲಿ ಇದು ಹೊಸದೇನಲ್ಲ. ಪಾರದರ್ಶಕವಾಗಿ, ಮೂಲೆಗಳು ಚೂಪಾಗಿ, ಹಲ್ಲಿಗೆ ಕರಕರ ಎನ್ನುವಂತೆ ಇರುವುದರಿಂದ ಗಾಜೆಂದು ಯಾರಾದರೂ ಭ್ರಮಿಸುವುದು ಸಹಜ. ಮುಂದೆ ಹಾಗೆ ಸಿಕ್ಕರೆ ಒಂದು ಸಣ್ಣ ಬಟ್ಟಲಿನಲ್ಲಿ ವಿನಿಗರ್ ಅಥವಾ ನಿಂಬೆರಸ ಹಾಕಿ, ಹರಳನ್ನು ಅದರಲ್ಲಿಟ್ಟು ಕೆಲವು ನಿಮಿಷ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಸ್ಟ್ರುವೈಟ್ ಕರಗುತ್ತದೆ, ಗಾಜು ಕರಗುವುದಿಲ್ಲ. ಉಗುರಿನಿಂದ ಒತ್ತಿದರೂ ಹರಳು ಪುಡಿಯಾಗುವುದುಂಟು. ಹೊಟ್ಟೆಗೆ ಹೋದರೆ ಜಠರದ ಆಮ್ಲದಲ್ಲೇ ಕರಗಿಹೋಗುವ ಪದಾರ್ಥ ಅದು. ಕರಗದಿದ್ದರೆ ಮಾತ್ರ ಡಬ್ಬಿಯನ್ನೂ ಚೂರನ್ನೂ ತೆಗೆದಿಟ್ಟು ಕೊಂಡ ಅಂಗಡಿಗೆ ದೂರು ಕೊಡಿ. ಡಬ್ಬಿಯ ಒಳಮೈಯಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಕಲೆಗಳೂ ಇಂಥವೇ: ಮೀನಿನ ಗಂಧಕದ ಅಂಶ ಲೋಹದೊಂದಿಗೆ ಕೂಡಿ ಆಗುವ ಬಣ್ಣ, ಅಪಾಯವಿಲ್ಲ.

ಕುಕ್ಕರಿನಲ್ಲಿ ಬೇಯಿಸಿ ಬಾಟಲಿಗೆ ತುಂಬಿಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಪ್ಪಿನಕಾಯಿ ಹಾಕಿ ಅನುಭವವಿರುವ ಮನೆಗಳಲ್ಲೇ ಇಂಥ ಧೈರ್ಯ ಹೆಚ್ಚು. ಉಪ್ಪಿನಕಾಯಿಯನ್ನು ಅದರ ಹುಳಿ ಮತ್ತು ಉಪ್ಪು ಕಾಯುತ್ತವೆ. ಮೀನಿನಲ್ಲಿ ಹುಳಿಯಿಲ್ಲ. ಹುಳಿಯಿಲ್ಲದ, ಗಾಳಿಯಿಲ್ಲದ, ತೇವವಿರುವ ಜಾಗವೇ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಮನೆ. ಅದು ಬಿಡುವ ವಿಷ ನರಗಳನ್ನು ಹಿಡಿಯುತ್ತದೆ: ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಆ ಬಾಟಲಿಯ ಮೀನು ನಾರಲೇಬೇಕೆಂದಿಲ್ಲ. ಅದರ ಬೀಜಕಣ ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಬದುಕಬಲ್ಲದು. 121 ಡಿಗ್ರಿಯ ಶಾಖ ಡಬ್ಬಿಯ ನಟ್ಟನಡುವಿನ ತುಂಡಿಗೂ ತಲುಪಿ ಕನಿಷ್ಠ ಮೂರು ನಿಮಿಷ ನಿಂತಷ್ಟು ಪರಿಣಾಮವಾದರೆ ಮಾತ್ರ ಸುರಕ್ಷಿತ ಎಂಬುದು ಉದ್ಯಮದ ಲೆಕ್ಕ.

ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಮೈಸೂರು ಇನ್ನೂ ಎತ್ತರ. ನಿಮ್ಮಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಆಸುಪಾಸಿನಲ್ಲಿ. ಮನೆಯ ಪ್ರೆಷರ್ ಕುಕ್ಕರಿನ ವಿಷಲ್ ತೂಕ ಎಲ್ಲ ಊರಿಗೂ ಒಂದೇ ಆಗಿರುವುದರಿಂದ ಕುಕ್ಕರಿನೊಳಗಿನ ಶಾಖವೂ ಕರಾವಳಿಯಲ್ಲಿ ಇರುವುದಕ್ಕಿಂತ ಒಂದೆರಡು ಡಿಗ್ರಿ ಕೆಳಗಿರುತ್ತದೆ. ಎರಡು ಡಿಗ್ರಿ ತಾನೇ ಎನ್ನಬೇಡಿ. ಶಾಖ ಅಷ್ಟು ಇಳಿದರೆ ಬೀಜಕಣಗಳನ್ನು ಕೊಲ್ಲುವ ವೇಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಇದಕ್ಕೆಂದೇ ತಯಾರಿಸಿದ ದೊಡ್ಡ ಒತ್ತಡದ ಪಾತ್ರೆಯಲ್ಲಿ, ಸುಮಾರು ಅರ್ಧ ಲೀಟರಿನ ಗಾಜಿನ ಜಾಡಿಯಲ್ಲಿಟ್ಟ ಮೀನಿಗೆ ಅಮೆರಿಕದ ಕೃಷಿ ಇಲಾಖೆ ನಿಗದಿ ಮಾಡಿರುವ ಅವಧಿ 100 ನಿಮಿಷ. ಅದೂ ಊರಿನ ಎತ್ತರಕ್ಕೆ ತಕ್ಕಂತೆ ಒತ್ತಡವನ್ನು ಏರಿಸಿಕೊಂಡು. ನಾಲ್ಕು ವಿಷಲ್ ಕೂಗಿಸಿದ್ದರಿಂದ ಆಗುವ ಕೆಲಸ ಅದಲ್ಲ. ಹಿನ್ನೀರಿನ ಮೀನು ಹೆಚ್ಚು ಸಿಕ್ಕಿದಾಗ ಶುಚಿ ಮಾಡಿ ತುಂಡುಗಳನ್ನು ಫ್ರೀಜರಿನಲ್ಲಿಡಿ. ಕಾಟ್ಲಾ, ರೋಹು ಕೆರೆ ಕಟ್ಟೆಗಳಿಂದ ನಿಮ್ಮ ಸಂತೆಗೆ ಬರುತ್ತಲೇ ಇರುವಾಗ ಅವುಗಳಿಗೆ ಡಬ್ಬಿಯ ಬಾಳಿಕೆ ಬೇಕೂ ಇಲ್ಲ.

ಎಷ್ಟು ಕೊಳ್ಳಬೇಕು ಎಂಬ ಲೆಕ್ಕಕ್ಕೆ ಬರೋಣ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧವಿರುತ್ತದೆ. ನಿಮಗೆ ಬಂಗುಡೆ ಸಿಗದಿರುವುದಕ್ಕೂ ಸಿಕ್ಕಿದ್ದು ದುಬಾರಿಯಾಗುವುದಕ್ಕೂ ಮುಖ್ಯ ಕಾರಣ ಅದೇ. ಎಂದರೆ ಒಂಬತ್ತು ವಾರ. ವಾರಕ್ಕೊಂದು ದಿನ ಡಬ್ಬಿ ಮೀನಿನ ಅಡುಗೆ ಎಂದಿಟ್ಟುಕೊಂಡರೆ, ಐದು ಜನಕ್ಕೆ ಸಾಮಾನ್ಯ ಅಳತೆಯ ಎರಡು ಡಬ್ಬಿ ಸಾರಿಗೆ ಸಾಕು. ಹದಿನೆಂಟಾಯಿತು, ದಿಢೀರನೆ ನೆಂಟರು ಬಂದರೆ ಎಂದು ಇನ್ನೆರಡು ಸೇರಿಸಿ ಇಪ್ಪತ್ತು. ಅದರ ಮೇಲೆ ಶ್ರಾವಣ ಬರುತ್ತದೆ. ನಿಮ್ಮ ಮನೆಯಲ್ಲಿ ಶ್ರಾವಣ ಮಾಸದಲ್ಲಿ ಮಾಂಸ ಮೀನು ಮಾಡದ ಪದ್ಧತಿ ಇದ್ದರೆ ಅಷ್ಟೂ ಬೇಕಾಗುವುದಿಲ್ಲ. ತಮ್ಮನವರು ತಂದ ಪೆಟ್ಟಿಗೆಯೇ ಈ ವರ್ಷಕ್ಕೆ ಸಾಕಾಗಬಹುದು.

ಇಲ್ಲಿಯೇ ಕೊಳ್ಳುವುದಾದರೆ ಬೆಲೆಯನ್ನು ಡಬ್ಬಿಯ ಒಟ್ಟು ತೂಕಕ್ಕೆ ಹೋಲಿಸದೆ, ರಸ ಬಸಿದ ಮೇಲಿನ ತೂಕಕ್ಕೆ ಹೋಲಿಸಿ ನೋಡಿ. ಲೇಬಲಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. 185 ಗ್ರಾಂ ಎಂದಿರುವ ಟ್ಯೂನಾ ಡಬ್ಬಿಯಲ್ಲಿ ಮೀನಿರುವುದು 130 ಗ್ರಾಮಿನ ಆಸುಪಾಸು. ಹಸಿ ಮೀನಿನಲ್ಲಿಯೂ ತಲೆ, ಕರುಳು, ರೆಕ್ಕೆ ಹೋಗುವುದರಿಂದ ಹೋಲಿಕೆ ನ್ಯಾಯವಾಗಿಯೇ ಇರುತ್ತದೆ. ಕಂದು ಚೌಕದೊಳಗಿನ ಕಂದು ತ್ರಿಕೋನ, 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಿ. ಹೊಸ ಬ್ರಾಂಡನ್ನು ಮೊದಲು ಒಂದೇ ಡಬ್ಬಿ ತಂದು, ಮನೆಯವರ ನಾಲಿಗೆಗೆ ಹಿಡಿಸಿದ ಮೇಲೆ ಉಳಿದದ್ದು ತನ್ನಿ. ಹೊರದೇಶದ ಕೆಲವು ಟ್ಯೂನಾ ನಮ್ಮ ಕಡೆಯವರಿಗೆ ಸಪ್ಪೆ ಎನಿಸುತ್ತದೆ; ಮುದ್ದೆಯ ಜೊತೆಗಂತೂ ಬಂಗುಡೆ ಮತ್ತು ಬೂತಾಯಿಯೇ ಒಪ್ಪುವುದು ಎಂಬುದು ನನ್ನ ಅಭಿಪ್ರಾಯ. ಪೌಷ್ಟಿಕತೆಯಲ್ಲಿಯೂ ಬೂತಾಯಿಯಂಥ ಸಣ್ಣ ಮೀನೇ ಮೇಲು. ರಿಟಾರ್ಟಿನ ಶಾಖದಲ್ಲಿ ಅದರ ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಾಗಿರುತ್ತದೆ. ಮುಳ್ಳಿನ ಸಮೇತ ತಿಂದರೆ 100 ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನಿನ ಜೊತೆಗೆ 380 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ದೊರೆಯುತ್ತದೆ. ದೊಡ್ಡ ಟ್ಯೂನಾ ಜಾತಿಗಳಲ್ಲಿ ಪಾದರಸದ ಅಂಶ ಹೆಚ್ಚಿರುವುದರಿಂದ ಬಸುರಿಯರು ಮತ್ತು ಎಳೆಯ ಮಕ್ಕಳು ಅದನ್ನು ಮಿತಿಯಲ್ಲಿ ತಿನ್ನಬೇಕು.

ಅಡುಗೆಯಲ್ಲಿ ನೆನಪಿಡಬೇಕಾದದ್ದು, ಈ ಮೀನು ಈಗಾಗಲೇ ಬೆಂದಿದೆ ಎಂಬುದು. ಹಸಿ ಮೀನಿನಂತೆ ಮಸಾಲೆಯ ಜೊತೆಗೇ ಕುದಿಸಿದರೆ ಚೂರುಚೂರಾಗಿ ಸಾರು ಕದಡಿಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಖಾರದ ಪುಡಿ, ಹುಣಸೆರಸ, ಕಾಯಿ ಎಲ್ಲ ಸೇರಿಸಿ ಸಾರನ್ನು ಹಸಿವಾಸನೆ ಹೋಗುವವರೆಗೆ ಪೂರ್ತಿ ಕುದಿಸಿಕೊಂಡು, ಕೊನೆಯಲ್ಲಿ ಮೀನಿನ ತುಂಡುಗಳನ್ನು ಮೆಲ್ಲನೆ ಇಳಿಸಿ, ಸೌಟು ಆಡಿಸದೆ ಐದು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಉಪ್ಪನ್ನು ಅದಾದ ಮೇಲೆ ನೋಡಿ ಹಾಕಿ, ಮೀನಿನಲ್ಲೇ ಸಾಕಷ್ಟು ಇರುತ್ತದೆ. ಅತ್ತೆಯವರಿಗೆ ಬಡಿಸುವ ಮೀನನ್ನು ಉಪ್ಪುನೀರಿನ ಡಬ್ಬಿಯದ್ದೇ ಆರಿಸಿ, ನೀರು ಚೆಲ್ಲಿ, ಜಾಲರಿಯಲ್ಲಿಟ್ಟು ನಲ್ಲಿಯ ಕೆಳಗೆ ಒಂದೆರಡು ನಿಮಿಷ ತೊಳೆಯಿರಿ. ಉಪ್ಪಿನ ಗಣನೀಯ ಭಾಗ ಹೋಗುತ್ತದೆ. ವಾರಕ್ಕೊಮ್ಮೆ ಅಷ್ಟು ತಿನ್ನುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರಲಾರದು, ಆದರೆ ವೈದ್ಯರು ಉಪ್ಪನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದ್ದರೆ ಅವರನ್ನು ಕೇಳಿಯೇ ಕೊಡಿ. ಯೂರಿಕ್ ಆಮ್ಲ ಹೆಚ್ಚಿರುವವರಿಗೆ ಬೂತಾಯಿ ಒಳ್ಳೆಯದಲ್ಲ.

ತೆರೆದ ಕ್ಷಣದಿಂದ ಡಬ್ಬಿ ಮೀನೂ ಹಸಿ ಮೀನಿನಷ್ಟೇ ಸೂಕ್ಷ್ಮ. ಉಳಿದದ್ದನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಬಗ್ಗಿಸಿ, ಮುಚ್ಚಿ, ಕೂಡಲೇ ಫ್ರಿಜ್‌ಗೆ ಇಡಿ. ಎರಡು ದಿನದೊಳಗೆ ಮುಗಿಸಿ. ಕರೆಂಟು ಹೋಗಿ ಅರ್ಧ ದಿನ ಫ್ರಿಜ್ ಬೆಚ್ಚಗಾಗಿದ್ದರೆ ಅದನ್ನು ಮರೆತುಬಿಡಿ. ಬಂಗುಡೆ, ಬೂತಾಯಿ, ಟ್ಯೂನಾಗಳು ಹೊರಗೆ ಬೆಚ್ಚಗಿದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಗಳಿಂದ ಅವುಗಳಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟಬಹುದು, ಒಮ್ಮೆ ಹುಟ್ಟಿದ ಮೇಲೆ ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ. ತಿನ್ನುವಾಗ ನಾಲಿಗೆ ಖಾರವಿಲ್ಲದೆಯೂ ಚುರುಗುಟ್ಟಿದರೆ, ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗಿ ತಲೆನೋವು, ಮೈತುರಿಕೆ ಕಾಣಿಸಿಕೊಂಡರೆ ಊಟವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ, ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.